ಸೋಸಿದ ನೀರು

29.7.24, ಸೋಮವಾರ. ಸಂಜೆ ಏಳೂವರೆ

ಎಣಿಸಿ ಬಂದೆ. ಇಪ್ಪತ್ಮೂರು ಕೂಗು. ತುಂತುರು ಮಳೆ, ಗಾಳಿ ಇಲ್ಲ. ಸೌಜನ್ಯಳ ಹಸಿರು ಪುಸ್ತಕಕ್ಕೆ ಬರೆದಾಯಿತು. ಅದರಲ್ಲಿ ಇಷ್ಟೇ ಬರೆಯಬೇಕು—ತಾರೀಕು, ಗಂಟೆ, ಮಳೆ, ಕೂಗು. ಹೋದ ವರ್ಷ ಒಂದು ದಿನ 'ಮೊಣಕಾಲು ನೋವು' ಅಂತಲೂ ಬರೆದಿದ್ದೆ. ನಕ್ಕುಬಿಟ್ಟಳು. "ಅಮ್ಮಾ, ಇದು ಡೇಟಾ. ನಿನ್ನ ಮೊಣಕಾಲಿಗೆ ಬೇರೆ ಪುಸ್ತಕ ಇಟ್ಕೋ." ಅದಕ್ಕೇ ಈ ಪುಸ್ತಕ.

ಎಣಿಸುವುದನ್ನು ಕಲಿಸಿದವಳೂ ಅವಳೇ. ಕಲ್ಯಾಣಿಯ ಮೂರನೇ ಮೆಟ್ಟಿಲ ಮೇಲೆ ಕೂರಬೇಕು. ಟಾರ್ಚ್ ಆರಿಸಬೇಕು. ಹತ್ತು ನಿಮಿಷ ಕಣ್ಣು ಮುಚ್ಚಿ, ಒಂದೊಂದು ದನಿಯೂ ಯಾವ ಕಲ್ಲಿನ ಸಂದಿಯಿಂದ ಬಂತು ಎಂದು ಕಿವಿಯಲ್ಲೇ ಗುರುತಿಡಬೇಕು. ಲಿಂಗಪೂಜೆಗೆ ಕೂತ ಹಾಗೇ. ನನಗೇನೂ ಕಷ್ಟವಿಲ್ಲ.

ಹೆಬ್ಬೆರಳ ಉಗುರಷ್ಟೇ ಕಪ್ಪೆ. ಗೆಜ್ಜೆ ಅಲ್ಲಾಡಿಸಿದ ಹಾಗೆ ಕೂಗುತ್ತದೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕೇಳಿದ ದನಿ. ಗೆಜ್ಜೆಗಪ್ಪೆ ಅಂತಿದ್ದೆವು. ಅದು ಪ್ರಪಂಚದ ಯಾರ ಪುಸ್ತಕದಲ್ಲೂ ಇಲ್ಲವಂತೆ! ಹಳೇಕೋಟೆ ಪಕ್ಕದ ನಮ್ಮೂರಿನ ಈಶ್ವರನ ಕಲ್ಯಾಣಿ ಬಿಟ್ಟರೆ ಅರಕಲಗೂಡು ಕಡೆ ಒಂದು ಬಂಡೆಯ ಮೇಲೆ ನೀರು ನಿಲ್ಲುವ ದೊಣೆಯಲ್ಲಿ ಮಾತ್ರ ಸಿಕ್ಕಿದೆ. ಹೆಸರಿಡುವ ಮೊದಲು ಮೂರು ಮಳೆಗಾಲದ ಲೆಕ್ಕ ಬೇಕು. ಇದು ಮೂರನೆಯದು.

ಯಜಮಾನರು ಊಟಕ್ಕೆ ಕೂತು ಕಾಯುತ್ತಿದ್ದರು. "ಎಲ್ಲಾರ ಮನೇಲೂ ಎಂಗುಸ್ರು ಅಕ್ಕಿ ಆರಿಸ್ತಾರೆ. ನಮ್ಮನೇಲಿ ಕಪ್ಪೆ ಆರಿಸ್ತಾರೆ." ಹೇಳಿಕೊಳ್ಳಲಿ.

4.8.24, ಭಾನುವಾರ, ಅಮಾವಾಸ್ಯೆ

ಪುಸ್ತಕದ ಪುಟ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದೆ. ಪ್ರತಿ ಭಾನುವಾರದ ಕೆಲಸ. ಹಾಕಿದ ಕೂಡಲೇ ಸೌಜನ್ಯಳ ಫೋನ್ ಬಂತು.

ಕಾಯಂ ಕೆಲಸವಂತೆ. ದೊಡ್ಡ ಸಂಸ್ಥೆ. ಆರಿಸಿರುವುದು ನಾಲ್ಕೇ ಜನರನ್ನು, ಅದರಲ್ಲಿ ಇವಳೂ ಒಬ್ಬಳು. ದೀಪಾವಳಿ ಆದ ಮೇಲೆ ಇಂಟರ್‌ವ್ಯೂ.

ಮೈಸೂರಲ್ಲಿ ಎಂಎಸ್ಸಿ, ಐದು ವರ್ಷ ಪಿಎಚ್‌ಡಿ, ಆಮೇಲೆ ಒಂದು ವರ್ಷದ ಪ್ರಾಜೆಕ್ಟು, ಇನ್ನೊಂದು ವರ್ಷದ ಪ್ರಾಜೆಕ್ಟು... ಪ್ರತಿ ಸಲ ಮುಗಿದಾಗ ಪುಸ್ತಕದ ಪೆಟ್ಟಿಗೆಗಳು ನಮ್ಮ ಅಟ್ಟಕ್ಕೆ ಬರುತ್ತವೆ. ಮತ್ತೆ ಇಳಿಯುತ್ತವೆ. ವಯಸ್ಸು ಮೂವತ್ತಾಯಿತು. ನೋಡಲು ಬಂದ ಗಂಡಿನವರೆಲ್ಲ ಒಂದೇ ಕೇಳುತ್ತಾರೆ—"ಕಪ್ಪೆ ಇಡ್ಕಂಡು ಏನ್ ಮಾಡ್ತದೆ ಉಡುಗಿ?"

ಹರಕೆ ಹೊತ್ತೆ. ಈ ಸಲ ಶ್ರಾವಣಕ್ಕೆ ಐದು ಸೋಮವಾರ. ಐದು ಕಡೆಯ ನೀರು ತಂದು ಕೊನೇ ಸೋಮವಾರ ಈಶ್ವರನಿಗೆ ಅಭಿಷೇಕ. ಯಾರಿಗಾಗಿ ಹೊತ್ತೆವೋ ಅವರಿಗೆ ಮುಗಿಯುವ ತನಕ ಹೇಳಬಾರದು. ಹೇಳುವುದಿಲ್ಲ.

19.8.24, ಸೋಮವಾರ

ಮೂರು ನೀರು ಆಯಿತು. ಹೊಳೆನರಸೀಪುರದ ಹೇಮಾವತಿ, ಚನ್ನರಾಯಪಟ್ಟಣದ ಕೆರೆ. ಈವತ್ತು ದುದ್ದ, ತಂಗಿಯ ಮನೆ ಹಿಂದಿನ ಬಾವಿ. ಹಿತ್ತಾಳೆ ತಂಬಿಗೆಗಳು ದೇವರ ಕೋಣೆಯಲ್ಲಿ ಸಾಲಾಗಿ ಕೂತಿವೆ. ಕೂಗು ಇಪ್ಪತ್ತಾರು.

1.9.24, ಭಾನುವಾರ. ರಾತ್ರಿ ಎಂಟು

ನಾಲ್ಕನೆಯದು ಹೋದ ಸೋಮವಾರ ನಮ್ಮೂರ ಕಾಲುವೆಯಿಂದಲೇ ಆಯಿತು. ಐದನೆಯದು ದೊಣೆಯಿಂದ ಅಂತ ಮೊದಲೇ ಮನಸ್ಸಿನಲ್ಲಿತ್ತು. ಅಲ್ಲಿ ಬಂಡೆಯ ಮೇಲೆ ಪುಟ್ಟ ಉದ್ಭವಲಿಂಗ ಇದೆ. ಅವಳ ಕಪ್ಪೆ ಇರುವ ಇನ್ನೊಂದು ಜಾಗ ಅದೇ. ಅಲ್ಲಿಯ ನೀರು ಬಿಟ್ಟರೆ ಹರಕೆ ಪೂರ್ತಿ ಆದೀತೆ?

ಬಸ್ಸು, ಬಸ್ಸು, ಆಟೊ. ಎರಡು ಲೀಟರ್ ಕ್ಯಾನಿನಲ್ಲಿ ತುಂಬಿಕೊಂಡೆ. ಐಸಿನಂಥ ನೀರು.

ಸೌಜನ್ಯ ಒಂದು ಸಲ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಂದ ಬಂದವರು ನಮ್ಮ ಮನೆ ಗೇಟಿನ ಹತ್ತಿರ ಇಟ್ಟ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಕಾಲಲ್ಲಿರುವುದನ್ನು ಅದ್ದಿಯೇ ಒಳಗೆ ಬರಬೇಕು. ಅವಳ ಕಾನೂನು. ಒಂದು ಕಡೆಯ ಕೆಸರು ಇನ್ನೊಂದು ಕಡೆಗೆ ಹೋಗಬಾರದಂತೆ. ನಾನು ಚಪ್ಪಲಿ ಅದ್ದಿದೆ. ಸೀರೆ ಒಗೆದು ಹಾಕಿದೆ. ಮಗಳ ಮಾತು ಮೀರಲಿಲ್ಲ.

2.9.24, ಸೋಮವಾರ

ಹರಕೆ ಮುಗಿಯಿತು. ಸ್ವಾಮಿ ನಡೆಸಿಕೊಟ್ಟ.

ಬೆಳಿಗ್ಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಐದು ನೀರನ್ನೂ ಬಿಳಿ ಬಟ್ಟೆಯಲ್ಲಿ ಸೋಸಿದೆ. ನನ್ನ ತವರಿನ ಪದ್ಧತಿ ಇದು—ಸೋಸದ ನೀರನ್ನು ಲಿಂಗಕ್ಕೆ ಮುಟ್ಟಿಸುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವವನ್ನು ಸಾಯಲು ಬಿಡುವುದೂ ಇಲ್ಲ. ನಮ್ಮಮ್ಮ ಸೊಳ್ಳೆಮರಿಯನ್ನೂ ವಾಪಸ್ಸು ಬಾವಿಗೆ ಬಿಡುತ್ತಿದ್ದಳು.

ದೊಣೆಯ ನೀರು ಸೋಸಿದಾಗ ಬಟ್ಟೆಯ ಮೇಲೆ ಎರಡು ಗೊದಮೊಟ್ಟೆ. ಬಾಲ ಬಡಿಯುತ್ತಿದ್ದವು. ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಬದುಕಿದ್ದವಲ್ಲ! ನೆಂಟರ ಮನೆಗೆ ಬಂದ ಮಕ್ಕಳು ಅನ್ನಿಸಿತು. ಬಟ್ಟೆಯನ್ನು ಕಲ್ಯಾಣಿಗೆ ಮೆಲ್ಲಗೆ ಜಾಲಿಸಿದೆ. ಹೋದವು.

ಅರ್ಚಕ ಸಿದ್ದೇಶ್ವರ ಚೆನ್ನಾಗಿ ಪೂಜೆ ಮಾಡಿದ. ಬಲಗಡೆ ಹೂ ಬಿತ್ತು.

22.9.24, ಭಾನುವಾರ. ಮಧ್ಯಾಹ್ನ

ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

ಫೋನು. "ಅಮ್ಮಾ, ದೊಣೇಲಿ ಕಪ್ಪೆ ಸಾಯ್ತಿದಾವೆ. ಈವತ್ತು ಒಂದೇ ದಿನ ಮೂವತ್ತಾರು ಎತ್ತಿದೆ."

ಅತ್ತು ಅತ್ತು ಕಟ್ಟಿದ ಧ್ವನಿ. ಚರ್ಮಕ್ಕೆ ಹಿಡಿಯುವ ಬೂಷ್ಟಂತೆ. ಕಣ್ಣಿಗೆ ಕಾಣುವುದಿಲ್ಲ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುವುದು. ಬೂಷ್ಟು ಹಿಡಿದರೆ ಚರ್ಮ ದಪ್ಪವಾಗಿ, ಕೊನೆಗೆ ಎದೆಯೇ ನಿಂತುಹೋಗುತ್ತದೆ.

"ಮರಿಗಳೂ ಸಾಯ್ತವಾ?" ಅಂದೆ.

"ಇಲ್ಲಮ್ಮ. ಅದೇ ಕಷ್ಟ. ಮರಿ ಬಾಯಲ್ಲಿ ಅದನ್ನ ಇಟ್ಕೊಂಡು ಆರಾಮಾಗಿ ಈಜ್ತಿರುತ್ತೆ. ಎಲ್ಲಕ್ಕೂ ಹಂಚುತ್ತೆ." ಆಮೇಲೆ, "ಯಾಕೆ ಕೇಳಿದೆ?"

"ಸುಮ್ನೆ."

ಸುಮ್ನೆ ಅಂದೆ. ಶಿವನೇ.

"ನಾನೀಗ ಊರಿಗೆ ಬರಲ್ಲ. ಬಂದರೆ ಇಲ್ಲಿಂದ ನಾನೇ ಹೊತ್ಕೊಂಡು ಬರ್ತೀನೇನೋ ಅಂತ ಭಯ. ನೀನು ಎಣಿಸ್ತಾ ಇರು. ಒಂದು ಸ್ವಲ್ಪ ಇಳಿದರೂ ಆ ಗಳಿಗೇಲೇ ಫೋನ್ ಮಾಡು. ಇಲ್ಲಿ ನಾನು ಬಂದಾಗ ತಡ ಆಗಿತ್ತು. ಮೊದಲೇ ಗೊತ್ತಾಗಿದ್ದರೆ ಇಪ್ಪತ್ತನ್ನಾದರೂ ಹಿಡಿದು ಡಬ್ಬೀಲಿಟ್ಟು, ಔಷಧಿ ನೀರಲ್ಲಿ ಅದ್ದಿ ಉಳಿಸ್ಕೋಬಹುದಿತ್ತು."

ಅವಳು ತನ್ನ ಕಾಲಿಗೇ ಹೆದರಿಕೊಂಡು ದೂರ ನಿಂತಿದ್ದಾಳೆ.

29.9.24, ಭಾನುವಾರ

ಇಪ್ಪತ್ತೆರಡು. ಮೂರು ಸಲ ಎಣಿಸಿದೆ. ಇಪ್ಪತ್ತೆರಡೇ. ಆ ಎರಡು ಮರಿ ಒಳ್ಳೆಯವೇ ಇರಬೇಕು. ಇಲ್ಲವೇ ಮೀನು ಅವನ್ನು ತಿಂದಿರಬೇಕು. ತುಪ್ಪದ ದೀಪ ಹಚ್ಚಿದೆ.

6.10.24, ಭಾನುವಾರ. ಸಂಜೆ ಏಳು

ಹದಿನಾಲ್ಕು.

ಮಳೆ ಚೆನ್ನಾಗಿ ಹೊಯ್ದು ನಿಂತಿತ್ತು. ಇಂಥ ಸಂಜೆ ಕಿವಿ ಮುಚ್ಚಿಕೊಳ್ಳಬೇಕಿತ್ತು. ಬಡಗಣ ಗೋಡೆಯಲ್ಲಿ ಒಂದೂ ಇಲ್ಲ. ಮರಿ ಬಿಟ್ಟದ್ದು ಆ ಕಡೆಗೇ.

ಹಸಿರು ಪುಸ್ತಕ ತೆಗೆದೆ. ಇಪ್ಪತ್ತೆರಡು ಅಂತ ಬರೆದೆ. ಕೈ ತಾನೇ ಬರೆಯಿತು ಅನ್ನಲಾರೆ. ನಾನೇ ಬರೆದೆ. ಫೋಟೋ ಕಳಿಸಿದೆ. ಅವಳು ಹೂವಿನ ಗುರುತು ಹಾಕಿದಳು.

ನಾಳೆ ಹೇಳುತ್ತೇನೆ.

9.10.24, ಬುಧವಾರ

ಗುಡಿ ಅಂಗಳ ಗುಡಿಸುವ ಮಾರಮ್ಮ ಬೆಳಿಗ್ಗೆಯೇ ಬಂದಳು. "ಗಂಗಕ್ಕಾ, ನಿಮ್ ಕಪ್ಪೆಗೋಳ್ಗೆ ಏನೋ ಬಂದದೆ ಕಣಕ್ಕ. ಮೆಟ್ಲ್ ಮ್ಯಾಲೆ ಕಾಲ್ ನೀಡ್ಕಂಡು ಬಿದ್ದವೆ. ಗುಡ್ಸಿ ಆಕ್ಬುಡ್ಲಾ?"

"ಮುಟ್ಬ್ಯಾಡ" ಅಂದೆ. ದನಿ ಜೋರಾಯಿತೇನೋ.

"ಅಯ್ಯೋ, ಕಪ್ಪೆ ಕಣಕ್ಕ. ನೆಂಟ್ರಲ್ಲ ಬುಡಿ."

ಏಳು ಸಿಕ್ಕವು. ಹೊಟ್ಟೆಯ ಮೇಲೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಬಿಲ್ವದ ಮರದ ಬುಡದಲ್ಲಿ ಆಳವಾಗಿ ಮುಚ್ಚಿದೆ. ಬಟ್ಟೆ ಸುಟ್ಟೆ. ಬಕೆಟ್ಟಿನ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿದೆ. ಸಾಲದು ಅನ್ನಿಸಿ ಇನ್ನೊಂದು ಸಲ. ಮತ್ತೊಂದು ಸಲ.

10.10.24

ಅಂಗೈ ಸಿಪ್ಪೆ ಏಳುತ್ತಿದೆ. ಬ್ಲೀಚಿಂಗಿನಿಂದಲೇ ಅಂತ ಗೊತ್ತು. ಗೊತ್ತಿದ್ದರೂ, ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ ಆ ಹೊಟ್ಟೆಗಳೇ ಕಂಡವು. ಮೂವತ್ತು ವರ್ಷದಲ್ಲಿ ಮೊದಲ ಸಲ ಪೂಜೆ ಅರ್ಧಕ್ಕೆ ನಿಂತಿತು.

14.10.24, ಸೋಮವಾರ

ಸಿದ್ದೇಶ್ವರನನ್ನು ಕೇಳಿದೆ. "ಅಭಿಷೇಕದ ನೀರಿಂದ ಕೆಡುಕು ಆಗ್ತದಾ?"

"ಲಿಂಗದ ಮ್ಯಾಲಿಂದ ಅರಿದ ನೀರ್ಗೆ ಯಾವ್ ದೋಸಾನೂ ಇಲ್ಲ ತಾಯಿ. ಯಾರಂದ್ರು ನಿಮ್ಗೆ?"

"ಲಿಂಗದ ಮೇಲಿಂದ ಹರೀದೇ ಇರೋ ನೀರಿಗೆ?"

ಅವನು ನನ್ನ ಮುಖ ನೋಡಿದ. ನನ್ನ ಕೈ ನೋಡಿದ. "ಸೊಲ್ಪ ಕೊಬ್ರಿ ಎಣ್ಣೆ ಅಚ್ಕಳಿ" ಅಂದ.

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ದೊಣೆ, ಬಟ್ಟೆ, ಮರಿ, ಬರೆದ ಸುಳ್ಳು. ಈ ಸಲ ತಮಾಷೆ ಮಾಡಲಿಲ್ಲ. ಅದೇ ಹೆದರಿಕೆ ಆಯಿತು. ಎಲೆ ಅಡಿಕೆ ಹಾಕಿಕೊಂಡರು.

"ಕೆಲ್ಸ ಸಿಗೋಗಂಟ ಬಾಯ್ ಬುಡ್ಬ್ಯಾಡ. ಆಮ್ಯಾಕೆ ಹೇಳುವಂತೆ."

"ಅಷ್ಟೊತ್ಗೆ ಒಂದೂ ಇರಲ್ಲ ಕಣ್ರೀ."

"ಕಪ್ಪೆ ಇರಲ್ಲ. ಮಗಳು ಇರ್ತಾಳೆ. ನಿಂಗೆ ಯಾವ್ದು ಬೇಕು?"

ಅವರಿಗೂ ನಿದ್ದೆ ಇಲ್ಲ. ಮಗ್ಗುಲು ಬದಲಿಸುತ್ತಲೇ ಇದ್ದಾರೆ. ಕೂಗು ಹನ್ನೊಂದು.

20.10.24, ಭಾನುವಾರ

ಒಂಬತ್ತು. ಬರೆದದ್ದು ಇಪ್ಪತ್ತೊಂದು.

ಫೋನಿನಲ್ಲಿ ಎಷ್ಟು ಖುಷಿಯಾಗಿದ್ದಳು! "ಅಮ್ಮಾ, ಇಂಟರ್‌ವ್ಯೂಗೆ ಗ್ರಾಫ್ ಹಾಕಿದೆ. ಎರಡು ಗೆರೆ. ದೊಣೇದು ಧಡಾರ್ ಅಂತ ಕೆಳಗೆ ಬೀಳುತ್ತೆ. ನಮ್ಮ ಕಲ್ಯಾಣೀದು ಮೇಜಿನ ಹಾಗೆ ನೆಟ್ಟಗೆ. ಇನ್ನೇನೂ ಬೇಡ. ಒಂದು ಬಕೆಟ್ ಬ್ಲೀಚಿಂಗ್ ನೀರು ಇಟ್ರೆ ಒಂದು ಜಾತೀನೇ ಉಳಿಯುತ್ತೆ ಅಂತ ತೋರಿಸ್ತೀನಿ. ನನ್ನ ಇಡೀ ಮಾತು ನಿನ್ನ ಗೆರೆ ಮೇಲೇ ನಿಂತಿದೆ."

ಮೆಲ್ಲಗೆ ಕೇಳಿದೆ. "ನಂಬರ್ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

"ತಪ್ಪು ಎಲ್ಲರೂ ಮಾಡ್ತಾರೆ. ತಪ್ಪಾಯ್ತು ಅಂತ ಹೇಳಿದರೆ ಆಯ್ತು. ಬೇಕಂತ ಸುಳ್ಳು ಬರೆದಿದ್ದು ಅಂತ ಗೊತ್ತಾದರೆ ಮಾತ್ರ ಮುಗೀತು. ಈ ಕೆಲಸದಲ್ಲಿ ಇನ್ನೊಂದು ಸಲ ಯಾರೂ ನಂಬಲ್ಲ." ನಕ್ಕಳು. "ಅದಕ್ಕೇ ಅಮ್ಮನ್ನ ಇಟ್ಕೊಂಡಿರೋದು. ವಿಭೂತಿ ಹಚ್ಚದೆ ಪೆನ್ನು ಮುಟ್ಟದವಳು, ಸುಳ್ಳು ಎಲ್ಲಿ ಬರೀತಾಳೆ ಅಂತೀನಿ."

ಹೇಳಬೇಕೆಂದು ಬಾಯಿ ತೆರೆದೆ. "ಊಟ ಆಯ್ತಾ?" ಅಂದೆ.

27.10.24, ಭಾನುವಾರ

ಐದು.

ಕೂತ ಹತ್ತು ನಿಮಿಷದಲ್ಲಿ ಬಸ್ಸಿನ ಹಾರ್ನು ಕೇಳಿತು, ಯಾರದೋ ಮನೆಯ ಟೀವಿ ಕೇಳಿತು. ಮೊದಲೆಲ್ಲ ಇವು ಕೇಳುತ್ತಿರಲಿಲ್ಲ. ಕಪ್ಪೆಯ ದನಿ ಮುಚ್ಚಿಬಿಡುತ್ತಿತ್ತು.

ಒಂದು ಕೂಗುತ್ತದೆ. ಸುಮ್ಮನಾಗುತ್ತದೆ. ಎದುರು ಗೋಡೆಯಿಂದ ಯಾರಾದರೂ ಓಗೊಡಲಿ ಅಂತ ಕಾಯುತ್ತದೆ... ನಾನೂ ಕಾಯುತ್ತೇನೆ. ಮೆಟ್ಟಿಲ ಮೇಲೆ ಕೂರಲು ಹೆದರಿಕೆ ಈಗ. ಕತ್ತಲೆಗಲ್ಲ.

ಮಾರಮ್ಮ ಕೇಳಿದಳು. "ಊರಲ್ಲಿ ಅಂತಾವ್ರೆ ಕಣಕ್ಕ, ಕಲ್ಯಾಣಿ ಮೂಗಾಯ್ತು ಅಂತ. ಏನಾರ ಸಾಂತಿ ಮಾಡಿಸ್ಬೇಕೇನೋ?"

ಊರಿಗೇ ಗೊತ್ತಾಗಿದೆ. ಗೊತ್ತಿಲ್ಲದವಳು ಒಬ್ಬಳೇ.

1.11.24, ಶುಕ್ರವಾರ. ಹಬ್ಬ

ಎಣ್ಣೆನೀರು ಆಯಿತು. ಹೋಳಿಗೆ ಮಾಡಿದೆ.

ಭಾನುವಾರ ಬರುತ್ತಾಳಂತೆ. ಮಂಗಳವಾರ ಇಂಟರ್‌ವ್ಯೂ. "ಹೊಸ ಶೂ ಕೊಂಡಿದೀನಮ್ಮ. ದೊಣೆ ನೋಡೇ ಇಲ್ಲದ ಶೂ. ಬಟ್ಟೆ, ಬ್ಯಾಗು ಎಲ್ಲಾ ಹೊಸದು. ಕಲ್ಯಾಣಿಗೆ ಹೋಗಿ ಒಂದೇ ಒಂದು ರೆಕಾರ್ಡಿಂಗ್ ಮಾಡ್ಕೊಂಡು ಹೊರಡ್ತೀನಿ. ಇಂಟರ್‌ವ್ಯೂ ಶುರುವಾಗೋ ಮೊದಲು ರೂಮಿನ ದೀಪ ಆರಿಸಿ ಆ ಸದ್ದು ಕೇಳಿಸ್ತೀನಿ. ಇಪ್ಪತ್ತೊಂದು ಗೆಜ್ಜೆ! ಹೆಂಗಿರುತ್ತೆ?"

"ಚೆನ್ನಾಗಿರುತ್ತೆ" ಅಂದೆ.

ಯಜಮಾನರು ಹೊಸ ಉಪಾಯ ಹೇಳಿದರು. "ಕಪ್ಪೆಗೋಳು ಚಳೀಗೆ ಮಲೀಕಂಡವೆ ಅನ್ನು. ಅಳೇ ರೆಕಾರ್ಡಿಂಗು ಇರ್ತದಲ್ಲ, ಅದ್ನೇ ಕೇಳಿಸ್ಲಿ." ಹೇಳಿ, ತಾವೇ ತಲೆ ತಗ್ಗಿಸಿಕೊಂಡು ಹಟ್ಟಿಗೆ ಹೋದರು.

2.11.24, ಶನಿವಾರ

ಮೂರು.

ಎರಡು ತೆಂಕಣ ಗೋಡೆ. ಒಂದು ನೀರು ಬೀಳುವ ಗೋಮುಖದ ಕೆಳಗೆ. ಜಾಗ ಗುರುತಿಟ್ಟುಕೊಂಡಿದ್ದೇನೆ.

3.11.24, ಭಾನುವಾರ. ಬೆಳಗಿನ ಐದು

ಸ್ನಾನ ಆಯಿತು. ಪೂಜೆಗೆ ಕೂತೆ. ಸ್ವಾಮಿಯನ್ನು ಏನು ಕೇಳಿಕೊಳ್ಳಲಿ? ಮಗಳಿಗೆ ಗೊತ್ತಾಗದಿರಲಿ ಎಂದೇ? ನಾಲ್ಕು ವಾರ ಅದನ್ನೇ ಕೇಳಿದ್ದೇನೆ, ಬಾಯಿಬಿಟ್ಟು ಅಲ್ಲದಿದ್ದರೂ. ಅವಳಿಗೆ ಕೆಲಸ ಸಿಗಲಿ ಎಂದು ಹರಕೆ ಹೊತ್ತವಳು ನಾನೇ. ಈಗ ಅವಳು ಹತ್ತು ಜನ ಓದಿದವರ ಮುಂದೆ ದೀಪ ಆರಿಸಿ ನಿಂತು ನನ್ನ ಸುಳ್ಳನ್ನು ತನ್ನ ಬಾಯಲ್ಲಿ ಹೇಳುತ್ತಾಳೆ. ಒಂದು ದಿನ ಯಾರಾದರೂ ಬಂದು ಈ ಮೆಟ್ಟಿಲ ಮೇಲೆ ಕೂತು ಎಣಿಸಿದರೆ?

ಆಗ ಮುಗಿದದ್ದು ಅವಳದ್ದು. ನನ್ನದಲ್ಲ.

ಹಸಿರು ಪುಸ್ತಕ ತೆಗೆದೆ. ಕೆಂಪು ಪೆನ್ನು. ಈ ಪುಸ್ತಕದಲ್ಲಿ ನಿಜದ ಲೆಕ್ಕ ಇತ್ತಲ್ಲ, ಪುಣ್ಯ. ಇಲ್ಲಿ ನೋಡಿ ಅಲ್ಲಿ ಬರೆದೆ. ಅಕ್ಟೋಬರ್ ಆರು, ಇಪ್ಪತ್ತೆರಡರ ಪಕ್ಕ ಹದಿನಾಲ್ಕು. ಹನ್ನೊಂದು. ಒಂಬತ್ತು. ಐದು. ಮೂರು. ಸೆಪ್ಟೆಂಬರ್ ಎರಡರ ಸಾಲಿನ ಕೆಳಗೆ ಜಾಗ ಇತ್ತು. ಡೇಟಾ ಪುಸ್ತಕದಲ್ಲಿ ನನ್ನ ಮಾತು ಬರೆಯಬಾರದು ಎಂದಿದ್ದಳು. ಬರೆದೆ. 'ದೊಣೆಯ ನೀರು ಸೋಸಿ ಎರಡು ಮರಿಗಳನ್ನು ಬಡಗಣ ಗೋಡೆಯ ಕಡೆ ಬಿಟ್ಟಿದ್ದೇನೆ. ಗಂಗಾಂಬಿಕೆ.'

ಪುಸ್ತಕ ಮುಚ್ಚಿ ದೇವರ ಮುಂದೆ ಇಟ್ಟೆ.

ಅದೇ ದಿನ. ಸಂಜೆ ಐದೂಮುಕ್ಕಾಲು

ಬಸ್ಸು ಇನ್ನೂ ಬಂದಿಲ್ಲ. ಅನ್ನ ಬಸಿದಿಟ್ಟೆ. ಮೂರು ಪ್ಲಾಸ್ಟಿಕ್ ಡಬ್ಬಿ ತೊಳೆದು ಮುಚ್ಚಳಕ್ಕೆ ತೂತು ಮಾಡಿಟ್ಟಿದ್ದೇನೆ. ಕತ್ತಲಾದರೆ ಕೂಗುತ್ತವೆ. ಯಾವ ಸಂದಿ ಅಂತ ನನಗೆ ಗೊತ್ತು. ಅವಳು ಬೈದ ಮೇಲಾದರೂ, ನನ್ನ ಮುಖ ನೋಡದೆಯೇ ಆದರೂ, ಇವೊತ್ತೇ ಮೂರನ್ನು ತೆಗೆಯಬೇಕು. ಔಷಧಿ ಅವಳ ಹತ್ತಿರ ಇದೆಯೋ ಇಲ್ಲವೋ.

ಯಜಮಾನರು ಜಗಲಿಯಲ್ಲಿ ಕೂತಿದ್ದಾರೆ. ಡಬ್ಬಿ ನೋಡಿದರು. "ಹೇಳ್ಬುಡ್ತೀಯಾ?" ಅಂದರು. ಹೂಂ ಅಂದೆ. "ಹೇಳ್ಬುಡು" ಅಂದರು. ಅಷ್ಟೇ.

ಅವಳು ಅತ್ತರೆ ತಡೆದೇನು. ಬೈದರೂ ತಡೆದೇನು. ಮಾತಾಡದೆ ಬ್ಯಾಗು ಹೆಗಲಿಗೆ ಹಾಕಿಕೊಂಡರೆ...

ಬಸ್ಸು ನಿಂತ ಸದ್ದು.

"ಅಪ್ಪಾ, ಒಳಗೆ ಬರಲ್ಲ ತಾಳು, ಮೊದಲು ಕಾಲು" ಎನ್ನುತ್ತಿದ್ದಾಳೆ.

ಗೇಟು. ಬಕೆಟ್ಟಿನ ಮುಚ್ಚಳ ತೆಗೆದ ಸದ್ದು. ಅದ್ದುತ್ತಿದ್ದಾಳೆ. ದೊಣೆಯನ್ನು ನೋಡೇ ಇಲ್ಲದ ಹೊಸ ಶೂಗಳನ್ನು, ಒಂದೊಂದಾಗಿ, ನಮ್ಮ ಕಲ್ಯಾಣಿಗೆ ಏನೂ ತಾಗಬಾರದು ಎಂದು.

ಸೌಜನ್ಯಾ, ಬೇಡ ಮಗಳೇ, ಇನ್ನು ಅದ್ದಬೇಡ. ಹಸಿರು ಪುಸ್ತಕ ತರುತ್ತಿದ್ದೇನೆ.